ಪತ್ನಿಯ ನೆನಪಿನ ವಿದ್ಯಾರ್ಥಿವೇತನ: ಕ್ಯಾನ್ಸರ್ ಬಂದ ಮನೆಯ ಮಕ್ಕಳಿಗೆ ಹಣ ಯಾವಾಗ ತಲುಪಬೇಕು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನನ್ನ ಪತ್ನಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಹೆಸರಿನಲ್ಲಿ, ಕ್ಯಾನ್ಸರ್ ಬಂದ ಮನೆಗಳ ಮಕ್ಕಳ ಓದಿಗಾಗಿ ಹನ್ನೆರಡು ಲಕ್ಷ ರೂಪಾಯಿ ತೆಗೆದಿಡಬೇಕೆಂದಿದ್ದೇನೆ. ಅಮೆರಿಕದಲ್ಲಿರುವ ಮಗಳೂ ಸ್ವಲ್ಪ ಸೇರಿಸುತ್ತೇನೆ ಎನ್ನುತ್ತಾಳೆ. ಸ್ವಂತ ಟ್ರಸ್ಟ್ ಮಾಡುವುದು ಒಳ್ಳೆಯದೋ, ಕಾಲೇಜಿಗೆ ದತ್ತಿ ಕೊಡುವುದು ಒಳ್ಳೆಯದೋ? ಹೆಚ್ಚು ಅಂಕ ಪಡೆದವರಿಗೆ ಕೊಡುವುದು, ನಮ್ಮ ಸಮಾಜದ ಮಕ್ಕಳಿಗೆ ಮೊದಲ ಆದ್ಯತೆ ಇಡುವುದು ಸರಿಯೇ? ತೆರಿಗೆ ವಿನಾಯಿತಿ ಸಿಗುತ್ತದೆಯೇ?

ಉತ್ತರ: ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ಉಳಿದೆಲ್ಲಕ್ಕಿಂತ ದೊಡ್ಡದಾದ್ದರಿಂದ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ. ಈ ಹಣ ವರ್ಷದ ಯಾವ ತಿಂಗಳಲ್ಲಿ, ಮನೆಯವರ ಕಾಯಿಲೆಯ ಯಾವ ಹಂತದಲ್ಲಿ ವಿದ್ಯಾರ್ಥಿಯ ಕೈಸೇರಬೇಕು? ನಮ್ಮಲ್ಲಿನ ಹೆಚ್ಚಿನ ದತ್ತಿ ವಿದ್ಯಾರ್ಥಿವೇತನಗಳಿಗೆ ಮಳೆಗಾಲದಲ್ಲಿ ಅರ್ಜಿ ಕರೆದು, ಆಮೇಲೆ ಪರಿಶೀಲನೆ ನಡೆಸಿ, ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಚೆಕ್ ಕೊಡುವುದು ರೂಢಿ. ಕ್ಯಾನ್ಸರ್ ಈ ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಅಕ್ಟೋಬರಿನಲ್ಲಿ ತಾಯಿಗೆ ಕಾಯಿಲೆಯೆಂದು ಗೊತ್ತಾದ ಹುಡುಗಿಗೆ ಮುಂದಿನ ಜುಲೈಯಲ್ಲಿ ಅರ್ಜಿ ಹಾಕು ಎಂದರೆ, ಆ ಹೊತ್ತಿಗೆ ಅವಳು ಕಾಲೇಜು ಬಿಟ್ಟು ಎಷ್ಟೋ ತಿಂಗಳಾಗಿರುತ್ತದೆ.

ಕಾಲೇಜು ಬಿಡುವುದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ನಿಮ್ಮ ನಿಯಮಾವಳಿಯ ಪ್ರತಿಯೊಂದು ಸಾಲೂ ಇದರಿಂದಲೇ ಹುಟ್ಟಬೇಕು. ಚಿಕಿತ್ಸೆಯ ವೆಚ್ಚಕ್ಕೆ ಇಂದು ಸರ್ಕಾರದ ನೆರವು ತಕ್ಕಮಟ್ಟಿಗೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ 30ರಷ್ಟು, ಗರಿಷ್ಠ 1.5 ಲಕ್ಷ ರೂಪಾಯಿ. ಆದರೆ ಈ ಲೆಕ್ಕದೊಳಗೆ ಬಾರದ ಖರ್ಚೇ ಮನೆಯನ್ನು ಅಲ್ಲಾಡಿಸುವುದು. ವಿಕಿರಣ ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ಆಸ್ಪತ್ರೆಗೆ ಹೋಗಬೇಕು. ಹೊಸನಗರದ ಕಡೆಯ ಒಂದು ಕೂಲಿ ಕುಟುಂಬ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಬಂದಿದೆ ಎಂದಿಟ್ಟುಕೊಳ್ಳಿ. ತಾಯಿಯ ಜೊತೆಗೆ ತಂದೆ ನಿಲ್ಲುತ್ತಾನೆ, ಅವನ ದಿನಗೂಲಿ ಹೋಗುತ್ತದೆ. ಊರಿನಲ್ಲಿ ಅಜ್ಜಿ, ತಮ್ಮ, ಕೊಟ್ಟಿಗೆಯ ದನ ಎಲ್ಲವೂ ದ್ವಿತೀಯ ಪಿಯುಸಿಯ ಹಿರಿಯ ಮಗಳ ಮೇಲೆ ಬೀಳುತ್ತವೆ. ಹಾಜರಾತಿ ಶೇ 75ಕ್ಕಿಂತ ಕೆಳಗಿಳಿಯುತ್ತದೆ, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನಾಂಕ ದಾಟುತ್ತದೆ. ಯಾರೂ ಅವಳಿಗೆ ಓದು ನಿಲ್ಲಿಸು ಎಂದು ಹೇಳಿರುವುದಿಲ್ಲ. ಓದು ತಾನಾಗಿ ನಿಂತಿರುತ್ತದೆ. ಆ ಒಂದು ವಾರದಲ್ಲಿ ಅವಳಿಗೆ ಬೇಕಾಗಿದ್ದುದು ಹಲವು ಸಲ ಕೆಲವೇ ಸಾವಿರ ರೂಪಾಯಿ, ಜೊತೆಗೆ ಪ್ರಾಚಾರ್ಯರಿಗೆ ವಿಷಯ ತಿಳಿಸಬಲ್ಲ ಒಬ್ಬ ಹಿರಿಯರು.

ಆದ್ದರಿಂದ ನನ್ನ ಮೊದಲ ಸಲಹೆ: ಮರಣ ಪ್ರಮಾಣಪತ್ರವನ್ನು ಅರ್ಹತೆಯ ಷರತ್ತಾಗಿ ಇಡಬೇಡಿ. ಸ್ಮಾರಕ ವಿದ್ಯಾರ್ಥಿವೇತನವೆಂದೊಡನೆ ‘ತಂದೆ ಅಥವಾ ತಾಯಿಯನ್ನು ಕಳೆದುಕೊಂಡ’ ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ. ಹಾಗೆ ಬರೆದರೆ ಚಿಕಿತ್ಸೆ ನಡೆಯುತ್ತಿರುವ ಮನೆಗಳೆಲ್ಲ ಹೊರಗುಳಿಯುತ್ತವೆ. ಓದು ನಿಲ್ಲುವ ಅಪಾಯ ಅತಿ ಹೆಚ್ಚಿರುವುದು ಅಲ್ಲಿಯೇ. ಚಿಕಿತ್ಸೆ ನಡೆಯುತ್ತಿರುವ, ಗುಣವಾಗಿ ಸಾಲ ತೀರಿಸುತ್ತಿರುವ, ತೀರಿಕೊಂಡು ಇಂತಿಷ್ಟು ವರ್ಷ ಮೀರದ, ಮೂರೂ ಬಗೆಯ ಮನೆಗಳು ಸೇರಲಿ. ತಂದೆತಾಯಿಯ ಜೊತೆಗೆ ಒಡಹುಟ್ಟಿದವರು, ಸಾಕುತ್ತಿರುವ ಅಜ್ಜ ಅಜ್ಜಿಯರೂ ‘ಕುಟುಂಬ’ ಎಂಬುದರಲ್ಲಿ ಬರಲಿ. ಬಾಲ್ಯದಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಒಂದೆರಡು ತರಗತಿ ಹಿಂದುಳಿದ ಮಕ್ಕಳನ್ನು ಮರೆಯಬೇಡಿ. ವಯಸ್ಸಿನ ಮಿತಿ ಹಾಕಿದರೆ ಮೊದಲು ಹೊರಬೀಳುವವರು ಅವರೇ.

ಎರಡನೆಯದಾಗಿ, ವರ್ಷದ ಬಡ್ಡಿಯನ್ನೆಲ್ಲ ಜೂನ್‌ನಲ್ಲೇ ಹಂಚಿ ಮುಗಿಸಬೇಡಿ. ಸುಮಾರು ಅರ್ಧದಷ್ಟನ್ನು ಪ್ರವೇಶದ ಸಮಯಕ್ಕೆ ಕೊಟ್ಟು, ಉಳಿದುದನ್ನು ವರ್ಷದ ಯಾವ ದಿನದಲ್ಲಾದರೂ ಕೊಡಲು ಬರುವಂತೆ ಉಳಿತಾಯ ಖಾತೆಯಲ್ಲಿ ಇರಿಸಿ. ಇದು ಸಮಿತಿಯವರಿಗೆ ಕಿರಿಕಿರಿಯ ಕೆಲಸವೆಂಬುದು ನನಗೆ ಗೊತ್ತಿದೆ. ವರ್ಷಕ್ಕೊಮ್ಮೆ ಸಭೆ ಸೇರಿ ಚಹಾ ಕುಡಿದು ಏಳುವಷ್ಟು ಸುಲಭವಲ್ಲ. ಆದರೂ ನಿಮ್ಮ ದತ್ತಿಗೆ ಬೇರೆಯವುಗಳಿಗಿಲ್ಲದ ಬೆಲೆ ಬರುವುದು ಈ ಒಂದು ಏರ್ಪಾಡಿನಿಂದಲೇ ಎಂದು ನಾನು ನಂಬಿದ್ದೇನೆ.

ಇನ್ನು ಉದ್ದೇಶದ ಮಾತು. ಕ್ಯಾನ್ಸರಿನಿಂದ ತೀರಿಕೊಂಡ ಪತ್ನಿಯ ಹೆಸರಿನಲ್ಲಿ ದತ್ತಿ ಇಟ್ಟವರಲ್ಲಿ ನಮ್ಮ ದೇಶದ ಪ್ರಸಿದ್ಧ ಉದಾಹರಣೆ ಸರ್ ದೊರಾಬ್ಜಿ ಟಾಟಾ. ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ನಿಧನರಾದರು. ಆಕೆ ನಮ್ಮ ನಾಡಿನ ನಂಟಿದ್ದವರು: ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ವಿಜ್ಞಾನಿ ಹೋಮಿ ಭಾಭಾ ಆಕೆಯ ಸೋದರನ ಮಗ. 1932ರಲ್ಲಿ ಆಕೆಯ ಹೆಸರಿನಲ್ಲಿ ಎರಡು ಬೇರೆ ಬೇರೆ ನಿಧಿಗಳು ಸ್ಥಾಪನೆಯಾದವು. ಒಂದು ರಕ್ತದ ಕ್ಯಾನ್ಸರಿನ ಸಂಶೋಧನೆಗೆ, ಇನ್ನೊಂದು ಭಾರತೀಯ ಮಹಿಳೆಯರ ಉನ್ನತ ಶಿಕ್ಷಣಕ್ಕೆ. ಕಾಯಿಲೆಯ ವಿರುದ್ಧ ಕೆಲಸ ಮಾಡುವ ಹಣವನ್ನೂ ಓದಿಸುವ ಹಣವನ್ನೂ ಒಂದೇ ಪತ್ರದಲ್ಲಿ ಬೆರೆಸದೆ ಬೇರೆಯಾಗಿಟ್ಟದ್ದು ನನಗೆ ಬಹಳ ವಿವೇಕದ ನಡೆಯೆಂದು ಕಾಣುತ್ತದೆ. ನೀವೂ ತಪಾಸಣಾ ಶಿಬಿರ, ಔಷಧಿ ನೆರವು, ಪುಸ್ತಕ ವಿತರಣೆ ಎಂದು ಪಟ್ಟಿ ಬೆಳೆಸದೆ ಓದಿನ ನೆರವೊಂದಕ್ಕೇ ಇದನ್ನು ಮೀಸಲಿಡಿ. ಹನ್ನೆರಡು ಲಕ್ಷದ ಬಡ್ಡಿಯಲ್ಲಿ ಔಷಧಿ ಕೊಡಿಸಲು ಹೊರಟರೆ ಒಬ್ಬ ರೋಗಿಗೂ ಸಾಲದೆ ಹೋಗಬಹುದು.

ಬಡ್ಡಿಯ ಲೆಕ್ಕವನ್ನು ಈಗಲೇ ಮಾಡಿಬಿಡೋಣ. ಶೇ 6.5ರ ದರದಲ್ಲಿ 12 ಲಕ್ಷಕ್ಕೆ ವರ್ಷಕ್ಕೆ 78,000 ರೂಪಾಯಿ ಬರುತ್ತದೆ. ಅದನ್ನಷ್ಟೂ ಹಂಚಿದರೆ ಮೂಲಧನ ಬೆಳೆಯುವುದಿಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಸುಮಾರು ಹನ್ನೆರಡು ವರ್ಷದಲ್ಲಿ ಆ ಹಣದ ಬೆಲೆ ಅರ್ಧಕ್ಕಿಳಿಯುತ್ತದೆ. ವಿಶ್ವವಿದ್ಯಾಲಯಗಳಲ್ಲಿ ಹಿಂದೆ ಐದು ಸಾವಿರ, ಹತ್ತು ಸಾವಿರ ರೂಪಾಯಿಯ ಪುದುವಟ್ಟಿನಿಂದ ಆರಂಭವಾದ ಬಹುಮಾನಗಳು ಇಂದು ಪ್ರಮಾಣಪತ್ರದ ಚೌಕಟ್ಟಿನ ಖರ್ಚಿಗೂ ಸಾಲದಂತಾಗಿರುವುದಕ್ಕೆ ಇದೇ ಕಾರಣ. ವರ್ಷಕ್ಕೆ 18,000 ರೂಪಾಯಿಯನ್ನು ಮೂಲಧನಕ್ಕೆ ಸೇರಿಸಿದರೆ ಹಂಚಲು ಉಳಿಯುವುದು 60,000: ತಲಾ ಹದಿನೈದು ಸಾವಿರದಂತೆ ನಾಲ್ವರಿಗೆ, ಇಲ್ಲವೇ ಹತ್ತು ಸಾವಿರದಂತೆ ಆರು ಜನರಿಗೆ. ಸಾವಿರ ರೂಪಾಯಿಯಂತೆ ಅರವತ್ತು ಜನರಿಗೆ ಸಾಲುದ್ದ ಹಂಚುವ ಆಸೆಗೆ ಮಾತ್ರ ಬೀಳಬೇಡಿ.

ಇದಕ್ಕೊಂದು ಪರ್ಯಾಯವಿದೆ, ದತ್ತಿಯೆಂದರೆ ಆಚಂದ್ರಾರ್ಕ ನಡೆಯಬೇಕೆಂಬ ನಂಬಿಕೆ ನಮ್ಮಲ್ಲಿ ಆಳವಾಗಿರುವುದರಿಂದ ಅದನ್ನು ಯಾರೂ ಸೂಚಿಸುವುದಿಲ್ಲ. ಅಸಲನ್ನೂ ಬಡ್ಡಿಯನ್ನೂ ಸೇರಿಸಿ ಹತ್ತು ವರ್ಷದಲ್ಲಿ ಪೂರ್ತಿ ಖರ್ಚು ಮಾಡುವುದೆಂದು ನಿರ್ಧರಿಸಿದರೆ, ಅದೇ 12 ಲಕ್ಷದಿಂದ ಅದೇ ಬಡ್ಡಿದರದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 65 ಸಾವಿರ ರೂಪಾಯಿ ಕೊಡಬಹುದು. ಎಂದರೆ ಅರವತ್ತು ಸಾವಿರದ ಎರಡೂವರೆ ಪಟ್ಟಿಗಿಂತ ಹೆಚ್ಚು. ನೀವಿರುವಾಗಲೇ, ನಿಮ್ಮ ಕಣ್ಣೆದುರೇ ಈ ಮಕ್ಕಳು ಪದವಿ ಮುಗಿಸುತ್ತಾರೆ. ನಿಮ್ಮ ವಯಸ್ಸಿನವರು ಕೇಳಿದಾಗ ನಾನು ಈ ದಾರಿಯ ಕಡೆಗೇ ವಾಲುತ್ತೇನೆ. ಆದರೆ ಹೆಸರು ಬಹುಕಾಲ ಉಳಿಯಬೇಕೆಂಬುದು ಮನೆಯವರೆಲ್ಲರ ಆಸೆಯಾಗಿದ್ದರೆ ಅದೂ ತಪ್ಪಲ್ಲ. ಯಾವುದನ್ನು ಆರಿಸಿಕೊಂಡಿರಿ ಎಂಬುದನ್ನು ಮಾತ್ರ ಹಣ ಒಪ್ಪಿಸುವಾಗಲೇ ಬರೆದುಕೊಡಬೇಕು. ‘ಮೂಲನಿಧಿಗೆ’ ಎಂದು ಬರೆದುಕೊಟ್ಟ ಹಣವನ್ನು ಆಮೇಲೆ ಸಂಸ್ಥೆಯವರು ಖರ್ಚಿಗೆ ತೆಗೆಯುವುದು ತೊಡಕಿನ ವಿಷಯ.

ಸ್ವಂತ ಟ್ರಸ್ಟ್ ಬೇಕೇ ಎಂಬ ಪ್ರಶ್ನೆಗೆ, ಈ ಮೊತ್ತಕ್ಕೆ ಬೇಡ ಎಂಬುದೇ ನನ್ನ ನೇರ ಉತ್ತರ. ಟ್ರಸ್ಟ್ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಕಷ್ಟವಲ್ಲ. ಕಷ್ಟ ಆಮೇಲೆ ಆರಂಭವಾಗುತ್ತದೆ. ಟ್ರಸ್ಟಿಗೆ ಪ್ರತ್ಯೇಕ ಪ್ಯಾನ್, ಆದಾಯ ತೆರಿಗೆ ಇಲಾಖೆಯಲ್ಲಿ ಮೊದಲು ತಾತ್ಕಾಲಿಕ ನೋಂದಣಿ, ಬಳಿಕ ಕಾಯಂ ನೋಂದಣಿ, ಅದಕ್ಕೂ ಅವಧಿ ಮುಗಿದಾಗ ನವೀಕರಣ, ದಾನಿಗಳಿಗೆ ವಿನಾಯಿತಿ ಸಿಗಲು ಬೇರೊಂದು ಅನುಮೋದನೆ, ವರ್ಷವರ್ಷವೂ ರಿಟರ್ನ್, ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಿದ ಲೆಕ್ಕ. ಜೊತೆಗೆ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬರುವುದರಿಂದ ಕಲಮುಗಳ ಸಂಖ್ಯೆಗಳೂ ಬದಲಾಗುತ್ತವೆ. ಎಪ್ಪತ್ತೆಂಟು ಸಾವಿರದ ಬಡ್ಡಿಯಲ್ಲಿ ಲೆಕ್ಕಪರಿಶೋಧಕರ ಶುಲ್ಕವೇ ಒಬ್ಬಿಬ್ಬರು ವಿದ್ಯಾರ್ಥಿಗಳ ಪಾಲನ್ನು ನುಂಗಿಬಿಡುತ್ತದೆ. ನಿಮ್ಮ ನಂತರ ಈ ಕಾಗದಪತ್ರಗಳನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೂ ನಿಮ್ಮ ಪತ್ರದಲ್ಲಿ ಉತ್ತರವಿಲ್ಲ, ಮಗಳು ಅಮೆರಿಕದಲ್ಲಿದ್ದಾರೆ.

ಕಾಲೇಜಿಗೆ ಅಥವಾ ವಿಶ್ವವಿದ್ಯಾಲಯಕ್ಕೆ ದತ್ತಿ ಕೊಟ್ಟರೆ ಹಣ ಭದ್ರ, ಆದರೆ ಎರಡು ತೊಂದರೆಗಳಿವೆ. ಅವರ ನಿಯಮಾವಳಿ ಚಿನ್ನದ ಪದಕ, ನಗದು ಬಹುಮಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿರುವುದರಿಂದ ಅಲ್ಲಿ ಅಂಕವೇ ಅಳತೆಗೋಲಾಗುತ್ತದೆ. ಮತ್ತು ನಿಮ್ಮ ನೆರವು ಆ ಒಂದು ಸಂಸ್ಥೆಯ ಮಕ್ಕಳಿಗಷ್ಟೇ ಸೀಮಿತವಾಗುತ್ತದೆ. ನಾನು ಸೂಚಿಸುವುದು ಮೂರನೆಯ ದಾರಿ: ನಿಮ್ಮ ಜಿಲ್ಲೆಯಲ್ಲೇ ಹಲವು ವರ್ಷಗಳಿಂದ ನಡೆದುಬಂದಿರುವ, ತೆರಿಗೆ ಅನುಮೋದನೆಗಳು ಚಾಲ್ತಿಯಲ್ಲಿರುವ, ಲೆಕ್ಕಪತ್ರ ಕೇಳಿದರೆ ಮುಖ ಸಿಂಡರಿಸದೆ ತೋರಿಸುವ ಒಂದು ಸಾರ್ವಜನಿಕ ಟ್ರಸ್ಟನ್ನು ಹುಡುಕಿ, ಅದರೊಳಗೆ ನಿಮ್ಮ ಪತ್ನಿಯ ಹೆಸರಿನ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿ, ಲಿಖಿತ ಒಡಂಬಡಿಕೆ ಮಾಡಿಕೊಳ್ಳುವುದು. ಪ್ರತ್ಯೇಕ ಠೇವಣಿ, ಪ್ರತ್ಯೇಕ ಲೆಡ್ಜರ್, ವರ್ಷಕ್ಕೊಮ್ಮೆ ನಿಮಗೆ ಲಿಖಿತ ವರದಿ, ಆಯ್ಕೆ ಸಮಿತಿಯಲ್ಲಿ ನೀವು ಸೂಚಿಸಿದ ಒಬ್ಬರು, ಆಡಳಿತ ವೆಚ್ಚಕ್ಕೆ ಒಂದು ಮಿತಿ. ಇಷ್ಟು ಒಡಂಬಡಿಕೆಯಲ್ಲಿದ್ದರೆ ಸಾಕು.

ಆ ಒಡಂಬಡಿಕೆಯಲ್ಲಿ ತಪ್ಪದೆ ಇರಬೇಕಾದ ಇನ್ನೊಂದು ವಾಕ್ಯವಿದೆ. ಯಾವುದಾದರೂ ವರ್ಷ ಕ್ಯಾನ್ಸರ್ ಬಾಧಿತ ಕುಟುಂಬದ ಅರ್ಜಿದಾರರು ಸಿಗದಿದ್ದರೆ, ಮೂತ್ರಪಿಂಡ ವೈಫಲ್ಯದಂಥ ದೀರ್ಘಕಾಲದ ಗಂಭೀರ ಕಾಯಿಲೆಯ ಕುಟುಂಬಗಳಿಗೆ ಅದನ್ನು ಬಳಸಬಹುದೆಂದು ಬರೆಯಿಸಿ. ದತ್ತಿಯ ಉದ್ದೇಶವನ್ನು ಮುಂದೆ ಬದಲಾಯಿಸುವುದು ಸುಲಭವಲ್ಲ. ಸಾರ್ವಜನಿಕ ದತ್ತಿಯ ಉದ್ದೇಶ ನೆರವೇರದಂತಾದಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ನ್ಯಾಯಾಲಯದ ಮೊರೆಹೋಗಬೇಕಾಗುತ್ತದೆ. ಎರಡು ಸಾಲು ಉದಾರವಾಗಿ ಬರೆದರೆ ಆ ಅಲೆದಾಟ ತಪ್ಪುತ್ತದೆ.

ಮಗಳ ಹಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಅವರು ಇಂದಿಗೂ ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ ಆಗುತ್ತದೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಆ ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷವಾಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಉದ್ದೇಶಕ್ಕೆ ಖರ್ಚಾಗಿರಬೇಕು; ಹೊಸ ಟ್ರಸ್ಟಿಗೆ ಅದು ಸಾಧ್ಯವೇ ಇಲ್ಲ. ಮಗಳು ನಿಮ್ಮ ಖಾತೆಗೆ ಉಡುಗೊರೆಯಾಗಿ ಹಾಕಿ, ನೀವು ಅದನ್ನು ನಿಮ್ಮದೆಂದು ದತ್ತಿಗೆ ಕೊಡುವ ಉಪಾಯವನ್ನು ಯಾರಾದರೂ ಹೇಳಿಯಾರು. ಆ ಹಾದಿ ಹಿಡಿಯಬೇಡಿ. ಸಂಸ್ಥೆಯನ್ನೂ ಸಂಕಟಕ್ಕೆ ಸಿಲುಕಿಸಿದಂತಾಗುತ್ತದೆ.

ತೆರಿಗೆಯ ಬಗ್ಗೆ ಬಹಳ ಆಸೆ ಇಟ್ಟುಕೊಳ್ಳಬೇಡಿ. ಎಲ್ಲರೂ 80ಜಿ ಎಂದು ಕರೆಯುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಅಲ್ಲಿಯೂ ಇಂಥ ದಾನಕ್ಕೆ ಆದಾಯದ ಶೇ 10ರ ಮಿತಿಯಿದ್ದು, ಆ ಮಿತಿಯೊಳಗಿನ ಮೊತ್ತದ ಅರ್ಧವಷ್ಟೇ ಕಡಿತಕ್ಕೆ ಅರ್ಹ. ವರ್ಷಕ್ಕೆ 6 ಲಕ್ಷ ಪಿಂಚಣಿ ಬರುವವರು ಒಂದೇ ಬಾರಿಗೆ 12 ಲಕ್ಷ ಕೊಟ್ಟರೂ ಆದಾಯದಿಂದ ಕಳೆಯಬಹುದಾದುದು ಸುಮಾರು 30,000 ರೂಪಾಯಿ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಹೇಗೂ ತೆರಿಗೆ ಬೀಳದಿರುವಾಗ ನಿಮ್ಮಂಥವರಿಗೆ ಈ ವಿನಾಯಿತಿಯಿಂದ ಹೆಚ್ಚಿನ ಪ್ರಯೋಜನವೇ ಇಲ್ಲ. ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಚಿಂತೆಯಿಲ್ಲ. ಓದಿನ ಖರ್ಚಿಗೆಂದು ಕೊಟ್ಟ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ.

ಸಮಾಜದ ಮಕ್ಕಳಿಗೆ ಆದ್ಯತೆ ಎಂಬ ಮಾತಿಗೆ ನಾಡಿನಲ್ಲಿ ದೊಡ್ಡ ಪರಂಪರೆಯೇ ಇದೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮರಣಶಾಸನದ ಮೂಲಕ ಲಿಂಗಾಯತ ಸಮಾಜದ ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದರು; ಬೇರೆ ಸಮಾಜಗಳ ಹಿರಿಯರೂ ವಿದ್ಯಾರ್ಥಿ ನಿಲಯಗಳನ್ನು ಕಟ್ಟಿದರು. ಶಾಲೆಯ ಮೆಟ್ಟಿಲು ಹತ್ತುವುದೇ ದುಸ್ತರವಾಗಿದ್ದ ಕಾಲದಲ್ಲಿ ಆ ಕೆಲಸದ ಬೆಲೆ ಅಪಾರ. ಆದರೆ 1961ರ ಕಾಯ್ದೆ ಜಾರಿಗೆ ಬಂದ ಮೇಲೆ ಸ್ಥಾಪನೆಯಾದ ದತ್ತಿಗಳು ಒಂದು ನಿರ್ದಿಷ್ಟ ಧರ್ಮ ಅಥವಾ ಜಾತಿಗೆ ಸೀಮಿತವಾದರೆ ತೆರಿಗೆಯ ಸೌಲಭ್ಯ ಕಳೆದುಕೊಳ್ಳುತ್ತವೆ. ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇಟ್ಟವಕ್ಕೆ ಈ ಅಡ್ಡಿಯಿಲ್ಲ. ಕಾನೂನು ಹಾಗಿರಲಿ, ಆಸ್ಪತ್ರೆಯ ಒಂದೇ ಸಾಲಿನಲ್ಲಿ ಕೂತ ಮನೆಗಳಲ್ಲಿ ಜಾತಿ ನೋಡಿ ಆರಿಸುವುದು ನಿಮ್ಮ ಮನಸ್ಸಿಗೂ ಒಗ್ಗಲಾರದು ಎಂದುಕೊಂಡಿದ್ದೇನೆ. ಆದ್ಯತೆ ಇಡಲೇಬೇಕೆಂದಿದ್ದರೆ ಹೆಣ್ಣುಮಕ್ಕಳಿಗೆ ಇಡಿ. ಮನೆಯಲ್ಲಿ ಕಾಯಿಲೆ ಬಂದಾಗ ಮೊದಲು ಪುಸ್ತಕ ಮುಚ್ಚಿಡುವವರು ಅವರು.

ಅಂಕದ ವಿಷಯದಲ್ಲಿ, ಒಬ್ಬ ಶಿಕ್ಷಕರಿಗೆ ಹೇಳಲು ಸಂಕೋಚವಾದರೂ, ನನ್ನ ಅಭಿಪ್ರಾಯ ನಿಮ್ಮದಕ್ಕೆ ವಿರುದ್ಧವಾಗಿದೆ. ಹತ್ತನೇ ತರಗತಿಯಲ್ಲಿ ಶೇ 85 ಪಡೆದ ಹುಡುಗ ತಂದೆಯ ಕೀಮೋ ನಡೆದ ವರ್ಷದಲ್ಲಿ ಶೇ 58 ಪಡೆದಿದ್ದರೆ, ಅವನು ನಿಮ್ಮ ನೆರವಿಗೆ ಅನರ್ಹನಲ್ಲ. ನಿಮ್ಮ ನೆರವು ಇರುವುದೇ ಅವನಿಗಾಗಿ. ಪ್ರತಿಭೆಯನ್ನು ಗುರುತಿಸುವ ವಿದ್ಯಾರ್ಥಿವೇತನಗಳು ಬೇಕಾದಷ್ಟಿವೆ. ಬಡ ಪ್ರತಿಭಾವಂತ ಮಕ್ಕಳಿಗಾಗಿ ಇರುವ ಕೇಂದ್ರದ ಎನ್ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳಿಗೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ (ಎಸ್ಎಸ್‌ಪಿ) ಮೂಲಕ ಬರುವ ವಿದ್ಯಾರ್ಥಿವೇತನಗಳೂ, 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯೂ ಇವೆ. ಇವುಗಳಲ್ಲಿ ಯಾವುದಾದರೂ ಸಿಗುತ್ತಿದ್ದರೆ ನಿಮ್ಮದು ಇಲ್ಲವೆಂದು ಷರತ್ತು ಹಾಕಬೇಡಿ. ಮುಂದಿನ ವರ್ಷಕ್ಕೆ ಮುಂದುವರಿಸಲು ಕೇಳಬೇಕಾದುದು ಒಂದೇ: ವಿದ್ಯಾರ್ಥಿ ಓದು ಬಿಡದೆ ದಾಖಲಾತಿ ಉಳಿಸಿಕೊಂಡಿದ್ದಾರೆಯೇ? ಒಂದೆರಡು ವಿಷಯ ಹೋಗಿದ್ದರೂ ಪರವಾಗಿಲ್ಲ. ಐಟಿಐ, ಡಿಪ್ಲೊಮಾ, ನರ್ಸಿಂಗ್ ಮಕ್ಕಳನ್ನೂ ಸೇರಿಸಿಕೊಳ್ಳಿ. ಬೇಗ ದುಡಿಮೆಗೆ ಇಳಿಯಬೇಕಾದ ಮನೆಗಳ ಮಕ್ಕಳು ಹೆಚ್ಚಾಗಿ ಅಲ್ಲಿರುತ್ತಾರೆ.

ಪುರಾವೆ ಕೇಳುವ ಬಗೆಯಲ್ಲಿ ಹೆಚ್ಚಿನ ನಯ ಬೇಕು. ನಮ್ಮ ಎಷ್ಟೋ ಊರುಗಳಲ್ಲಿ ಈ ಕಾಯಿಲೆಯ ಹೆಸರನ್ನು ಇಂದಿಗೂ ಬಾಯಿಬಿಟ್ಟು ಹೇಳುವುದಿಲ್ಲ. ‘ಗಡ್ಡೆ’, ‘ದೊಡ್ಡ ಕಾಯಿಲೆ’ ಎಂದು ತೇಲಿಸುತ್ತಾರೆ. ತಾಯಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದರೆ ಮಗಳ ಮದುವೆಗೆ ತೊಡಕಾದೀತೆಂಬ ಭಯ ಸುಳ್ಳಲ್ಲ. ಹೀಗಾಗಿ ವಿದ್ಯಾರ್ಥಿವೇತನದ ಹೆಸರಿನಲ್ಲಿ ಕ್ಯಾನ್ಸರ್ ಎಂಬ ಪದವೇ ಇರದಿರಲಿ. ನಿಮ್ಮ ಪತ್ನಿಯ ಹೆಸರಿನ ಮುಂದೆ ‘ಸ್ಮಾರಕ ವಿದ್ಯಾರ್ಥಿವೇತನ’ ಎಂದಷ್ಟೇ ಸಾಕು. ಆಸ್ಪತ್ರೆಯ ಹೊರರೋಗಿ ಪುಸ್ತಕ ಅಥವಾ ಬಿಡುಗಡೆ ಪತ್ರದ ಮೂಲ ಪ್ರತಿಯನ್ನು ಸಮಿತಿಯ ಒಬ್ಬರು ನೋಡಿ, ‘ಪರಿಶೀಲಿಸಿದೆ’ ಎಂದು ಸಹಿ ಹಾಕಿ, ಅಲ್ಲಿಯೇ ಹಿಂದಿರುಗಿಸಲಿ. ಜೆರಾಕ್ಸ್ ಪ್ರತಿಗಳನ್ನು ಫೈಲಿಗೆ ಹಾಕಿಡುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವುದು ಖಂಡಿತ ಬೇಡ. ಯಾವ ಅಂಗದ ಕ್ಯಾನ್ಸರ್, ಯಾವ ಹಂತ ಎಂಬ ಕಾಲಮುಗಳು ಅರ್ಜಿಯಲ್ಲಿ ಇರಕೂಡದು. ‘ನಿಮ್ಮ ಕಷ್ಟವನ್ನು ಒಂದು ಪುಟದಲ್ಲಿ ಬರೆಯಿರಿ’ ಎಂದು ಕೇಳುವ ಅರ್ಜಿಗಳನ್ನು ನಾನು ನೋಡಿದ್ದೇನೆ. ಹದಿನೇಳರ ಮಕ್ಕಳು ತಾಯಿಯ ಕಾಯಿಲೆಯನ್ನು ಅಪರಿಚಿತರ ಮೆಚ್ಚುಗೆಗಾಗಿ ಬರೆಯುವಂತೆ ಮಾಡುವುದು ಕ್ರೌರ್ಯವೇ ಸರಿ. ವೇದಿಕೆ, ಶಾಲು, ಪತ್ರಿಕೆಗೆ ಫೋಟೊ ಇವೂ ಬೇಡ. ಹಣ ನೇರ ವಿದ್ಯಾರ್ಥಿಯ ಖಾತೆಗೆ ಹೋಗಲಿ, ಶುಲ್ಕದ ಗಡುವು ಹತ್ತಿರವಿದ್ದರೆ ಕಾಲೇಜಿಗೆ ಹೋಗಲಿ.

ಅರ್ಜಿ ಕರೆದು ಕೂತರೆ ನಿಜಕ್ಕೂ ಬೇಕಾದವರು ಬರುವುದು ಕಡಿಮೆ. ಮೆಗ್ಗಾನ್ ಆಸ್ಪತ್ರೆಯ ಮತ್ತು ಕಿದ್ವಾಯಿಯ ಸಮಾಜ ಕಾರ್ಯಕರ್ತರಿಗೆ, ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ, ಸರ್ಕಾರಿ ಪದವಿಪೂರ್ವ ಕಾಲೇಜುಗಳ ಪ್ರಾಚಾರ್ಯರಿಗೆ ಒಂದು ಪುಟದ ಪತ್ರ ಕೊಟ್ಟು, ಅವರು ಫೋನಿನಲ್ಲಿ ಹೆಸರು ಸೂಚಿಸಿದರೂ ಸಾಕು ಎಂದು ತಿಳಿಸಿ. ಅದೇ ಪತ್ರದ ಹಿಂಬದಿಯಲ್ಲಿ ಕುಟುಂಬಕ್ಕೆ ಉಪಯೋಗವಾಗುವ ಮಾಹಿತಿ ಇರಲಿ. ಉದಾಹರಣೆಗೆ, ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ ಇರುವುದು ಬಹಳ ಜನಕ್ಕೆ ತಿಳಿದೇ ಇರುವುದಿಲ್ಲ.

ಆಯ್ಕೆ ಸಮಿತಿ ಮೂವರದಾದರೆ ಸಾಕು. ಒಬ್ಬರಾದರೂ ಮಹಿಳೆ ಇರಲಿ, ಒಬ್ಬರು ನಿಮ್ಮ ನೆಂಟರಲ್ಲದವರಾಗಿರಲಿ, ಕೆಲವು ವರ್ಷಗಳ ನಂತರ ಈ ನೆರವು ಪಡೆದು ಓದು ಮುಗಿಸಿದ ಒಬ್ಬರು ಬಂದು ಕೂರಲಿ. ಹತ್ತು ಸಾವಿರದವರೆಗಿನ ತುರ್ತು ನೆರವನ್ನು ಸಭೆಗೆ ಕಾಯದೆ ಇಬ್ಬರ ಒಪ್ಪಿಗೆಯಿಂದ ಕೊಡುವ ಅಧಿಕಾರವನ್ನು ಒಡಂಬಡಿಕೆಯಲ್ಲೇ ಕೊಟ್ಟುಬಿಡಿ.

ಕೊನೆಯದಾಗಿ, ಯಾವ ಸಹಿಯನ್ನೂ ಹಾಕುವ ಮೊದಲು ಒಂದು ವರ್ಷ ಇದನ್ನು ನಿಮ್ಮ ಸ್ವಂತ ಕೈಯಿಂದಲೇ ನಡೆಸಿ ನೋಡಿ. ಒಬ್ಬ ವ್ಯಕ್ತಿ ತನ್ನ ಹಣದಿಂದ ವಿದ್ಯಾರ್ಥಿಯ ಶುಲ್ಕ ಕಟ್ಟಲು ಟ್ರಸ್ಟೂ ಬೇಡ, ನೋಂದಣಿಯೂ ಬೇಡ. ಹನ್ನೆರಡು ಲಕ್ಷವನ್ನು ನಿಮ್ಮ ಹೆಸರಿನಲ್ಲೇ ಠೇವಣಿ ಇಟ್ಟು, ಬಡ್ಡಿಯಿಂದ ಇಬ್ಬರು ಮೂವರಿಗೆ ಕೊಡಿ. ಯಾವ ತಿಂಗಳಲ್ಲಿ ಬೇಡಿಕೆ ಬಂತು, ಯಾವುದಕ್ಕೆ ಖರ್ಚಾಯಿತು, ಹೆಸರು ಸೂಚಿಸಿದವರು ಯಾರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷ ಸಂಸ್ಥೆಯವರೊಂದಿಗೆ ಒಡಂಬಡಿಕೆಗೆ ಕೂರುವಾಗ ಕರಡನ್ನು ವಕೀಲರಿಂದ ಬರೆಯಿಸುವ ಮುನ್ನ ಆ ನೋಟ್‌ಬುಕ್ಕನ್ನು ಅವರಿಗೆ ಓದಲು ಕೊಡಿ.